ವಾಕಿಂಗಿನಲ್ಲಿ ನಮ್ಮ ನಾಯಿ ಇನ್ನೊಂದು ನಾಯಿಯನ್ನು ಕಚ್ಚಿದರೆ

ಪ್ರಶ್ನೆ: ನಾವು ಜತ್ತ ತಾಲೂಕಿನವರು, ಈಗ ಮಿರಜದಲ್ಲಿ ನೆಲೆಸಿದ್ದೇವೆ. ನಮ್ಮಲ್ಲಿ ಮೂರು ವರ್ಷದ ಮುಧೋಳ ಗಂಡು ನಾಯಿ ಇದೆ. ಮನೆಯಲ್ಲಿ ಬಹಳ ಸಾಧು. ಹೋದ ವಾರ ಬೆಳಗಿನ ವಾಕಿಂಗಿನಲ್ಲಿ ಎದುರಿನಿಂದ ಒಂದು ಪೊಮೇರಿಯನ್ ನಾಯಿ ಓಡಿಬಂತು. ನಮ್ಮದು ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ಕೊರಳ ಪಟ್ಟಿಯಿಂದ ತಲೆ ನುಸುಳಿಸಿಕೊಂಡು ಹೋಗಿ ಅದರ ಬೆನ್ನು ಹಿಡಿದು ಕೊಡವಿಬಿಟ್ಟಿತು. ಆ ನಾಯಿ ಬದುಕಿದೆ, ಹೊಲಿಗೆ ಬಿದ್ದಿವೆ. ಅಂದಿನಿಂದ ನನಗೆ ನಿದ್ದೆ ಇಲ್ಲ. ಹೊರಗೆ ಹೋಗಲು ಹಗ್ಗ ಹಿಡಿದರೆ ಕೈ ನಡುಗುತ್ತದೆ. ನಮ್ಮ ಅತ್ತೆಯವರು, “ರಕ್ತದ ರುಚಿ ಕಂಡ ನಾಯಿ, ನಾಳೆ ಮಗುವಿನ ಮೇಲೂ ಬೀಳುತ್ತದೆ, ಹೊಲದ ಕಡೆ ಬಿಟ್ಟು ಬನ್ನಿ” ಎನ್ನುತ್ತಿದ್ದಾರೆ. ನಮ್ಮ ನಾಯಿ ನಿಜಕ್ಕೂ ಕೆಟ್ಟಿತೇ? ಆ ಮನೆಯವರಿಗೆ ನಾವು ಏನು ಮಾಡಬೇಕು? ಇನ್ನು ಮುಂದೆ ಇದನ್ನು ಹೊರಗೆ ಕರೆದೊಯ್ಯಬಹುದೇ?
(ಓದುಗರೊಬ್ಬರು, ಮಿರಜ)

ಉತ್ತರ: ಇದನ್ನು ಮುಚ್ಚಿಡದೆ ಬರೆದು ಕೇಳಿದ್ದೀರಿ, ಒಳ್ಳೆಯದಾಯಿತು. ಇಂಥದ್ದು ನಡೆದಾಗ ಹೆಚ್ಚಿನವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಕೆಲವರು “ನಾಯಿ ಅಂದ ಮೇಲೆ ಕಚ್ಚುತ್ತದೆ” ಎಂದು ಕೈತೊಳೆದುಕೊಳ್ಳುತ್ತಾರೆ. ನೀವು ಎರಡನ್ನೂ ಮಾಡಿಲ್ಲ. ನಿಮ್ಮ ಪತ್ರದಲ್ಲಿರುವುದು ಮೂರು ಪ್ರಶ್ನೆಗಳು: ನಾಯಿ ಕೆಟ್ಟಿತೇ, ಪೆಟ್ಟು ತಿಂದ ನಾಯಿಯ ಮನೆಯವರಿಗೆ ನಮ್ಮ ಋಣವೇನು, ಮುಂದೆ ಹೇಗೆ. ಇವುಗಳ ಹಿಂದೆ ನೀವು ನೇರವಾಗಿ ಕೇಳದ ನಾಲ್ಕನೆಯದೂ ಒಂದಿದೆ: ನನ್ನ ಮನಸ್ಸನ್ನು ಹೇಗೆ ಸಂಭಾಳಿಸಲಿ? ಅದಕ್ಕೂ ಉತ್ತರ ಹೇಳುತ್ತೇನೆ. ಆದರೆ ಸರದಿಯನ್ನು ಸ್ವಲ್ಪ ಬದಲಿಸೋಣ. ಮೊದಲು ಗಾಯಗೊಂಡ ನಾಯಿ, ಆಮೇಲೆ ಅದರ ಮನೆಯವರು, ಆಮೇಲೆ ನಿಮ್ಮ ನಾಯಿ, ಕೊನೆಗೆ ನೀವು. ಈ ಕ್ರಮದಲ್ಲಿ ಕೆಲಸ ಮಾಡಿದರೆ ಮನಸ್ಸಿನ ಭಾರ ಅರ್ಧ ತಾನಾಗಿಯೇ ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಗಾಯದ ವಿಷಯದಲ್ಲಿ ಒಂದು ಮಾತು ತಿಳಿದಿರಬೇಕು. ದೊಡ್ಡ ನಾಯಿ ಚಿಕ್ಕ ನಾಯಿಯ ಬೆನ್ನು ಹಿಡಿದು ಕೊಡವಿದಾಗ ಹೊರಗೆ ಕಾಣುವುದು ನಾಲ್ಕಾರು ಹಲ್ಲಿನ ತೂತು ಮಾತ್ರ. ಜತ್ತ, ಆಟಪಾಡಿ ಕಡೆಯ ದಾಳಿಂಬೆ ನಿಮಗೆ ಗೊತ್ತಲ್ಲ, ಕೆಳಗೆ ಬಿದ್ದ ಹಣ್ಣಿನ ಸಿಪ್ಪೆ ನೆಟ್ಟಗಿದ್ದು ಒಳಗಿನ ಕಾಳು ಜಜ್ಜಿರುತ್ತದೆ. ಇಲ್ಲಿಯೂ ಹಾಗೆಯೇ. ಚರ್ಮ ಸಡಿಲವಾಗಿರುವುದರಿಂದ ಹಲ್ಲು ಒಂದು ಕಡೆ ಇಳಿದು, ಒಳಗಿನ ಮಾಂಸಖಂಡ ಅಗಲವಾಗಿ ಹರಿದಿರಬಹುದು. ಎದೆಯ ಭಾಗವಾದರೆ ಪಕ್ಕೆಲುಬು, ಶ್ವಾಸಕೋಶಕ್ಕೆ, ಹೊಟ್ಟೆಯ ಭಾಗವಾದರೆ ಕರುಳಿಗೆ ಪೆಟ್ಟಾಗಿರಬಹುದು. ಆದ್ದರಿಂದ ಹೊಲಿಗೆ ಬಿತ್ತು, ಮುಗಿಯಿತು ಎಂದುಕೊಳ್ಳಬಾರದು. ಕಚ್ಚಿದ ಗಾಯದಲ್ಲಿ ಬಾಯಿಯ ರೋಗಾಣುಗಳು ಆಳಕ್ಕೆ ಹೋಗಿರುತ್ತವೆ. ಎರಡು ಮೂರು ದಿನ ಬಿಟ್ಟು ಬಾವು ಬಂದು ಕೀವು ತುಂಬುವುದು ಸಾಮಾನ್ಯ. ಆ ಮನೆಯವರು ಮತ್ತೆ ಪಶುವೈದ್ಯರ ಬಳಿ ತೋರಿಸಿದ್ದಾರೆಯೇ, ನಾಯಿ ಊಟ ಮಾಡುತ್ತಿದೆಯೇ, ಉಸಿರಾಟ ಸರಿಯಿದೆಯೇ ಎಂದು ವಿಚಾರಿಸಿ. ವೈದ್ಯರು ಎಕ್ಸ್‌ರೇ ಹೇಳಿದರೆ ಅದು ಅನವಶ್ಯಕ ಖರ್ಚಲ್ಲ.

ಹಾಗೆಯೇ, ನಮ್ಮ ಕಡೆ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಒತ್ತುವ ರೂಢಿಯಿದೆ. ಸಾಂಗ್ಲಿ ಅರಿಸಿನದ ಪೇಟೆ, ಆದ್ದರಿಂದ ಅರಿಸಿನವಂತೂ ಮೊದಲು ಕೈಗೆ ಬರುತ್ತದೆ. ಆಳವಾದ ತೂತಿನಂಥ ಗಾಯಕ್ಕೆ ಇವು ಯಾವುದೂ ಬೇಡ. ತೂತಿನ ಬಾಯಿ ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ಶುದ್ಧ ನೀರಿನಿಂದ ತೊಳೆದು, ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು, ವೈದ್ಯರ ಬಳಿ ಓಡಬೇಕು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆ ಕೊಡಲೇಬೇಡಿ. ಮನುಷ್ಯರ ಈ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆ, ಮೂತ್ರಪಿಂಡ, ಯಕೃತ್ತುಗಳಿಗೆ ಹಾನಿ ಮಾಡುತ್ತವೆ. ಚಿಕ್ಕ ನಾಯಿಗೆ ಒಂದು ಗುಳಿಗೆಯೂ ಅಪಾಯವೇ.

ಹುಚ್ಚುನಾಯಿ ರೋಗದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ನಾಯಿಗೆ ರೇಬೀಸ್ ಲಸಿಕೆ ಕಾಲಕಾಲಕ್ಕೆ ಆಗಿದ್ದರೆ ಅದರ ಚೀಟಿಯ ಒಂದು ಪ್ರತಿಯನ್ನು ಆ ಮನೆಯವರಿಗೂ ಅವರ ವೈದ್ಯರಿಗೂ ಕೊಡಿ. ಅವರು ಕೇಳುವವರೆಗೆ ಕಾಯಬೇಡಿ. ಎಷ್ಟೋ ಜನರ ಸಿಟ್ಟಿನ ಕೆಳಗೆ ಈ ಒಂದು ಭಯವೇ ಇರುತ್ತದೆ. ಎರಡೂ ನಾಯಿಗಳಿಗೆ ಇನ್ನೊಂದು ಡೋಸ್ ಬೇಕೇ ಎಂಬುದನ್ನು ಪಶುವೈದ್ಯರು ನಿರ್ಧರಿಸುತ್ತಾರೆ. ಬಿಡಿಸುವ ಗಲಾಟೆಯಲ್ಲಿ ನಿಮಗಾಗಲಿ ಅವರಿಗಾಗಲಿ ಹಲ್ಲು ತಗಲಿದ್ದರೆ, ಗೀರು ಬಿದ್ದಿದ್ದರೂ ಸರಿ, ಆ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸಾಂಗ್ಲಿಯ ವಸಂತದಾದಾ ಪಾಟೀಲ ಸರಕಾರಿ ಆಸ್ಪತ್ರೆ, ಮಿರಜದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎರಡೂ ನಿಮಗೆ ಹತ್ತಿರವೇ ಇವೆ. ನಿಮ್ಮ ಪತ್ರದಲ್ಲಿ ಇದರ ಮಾತಿಲ್ಲ. ಆದರೆ ನಾಯಿಯ ಚಿಂತೆಯಲ್ಲಿ ತಮ್ಮ ಕೈಯ ಗೀರು ಮರೆಯುವವರು ಬಹಳ. ಒಮ್ಮೆ ಕೈ ನೋಡಿಕೊಳ್ಳಿ. ಗೀರು ಕಂಡರೆ, ವಾರ ಕಳೆದಿದೆ, ಇನ್ನೇಕೆ ಎನ್ನದೆ ಇಂದೇ ಹೋಗಿ.

ಈಗ ಆ ಮನೆಯವರ ವಿಷಯ. ನೀವು ಅವರ ಮನೆಗೆ ಹೋಗಿ ಮಾತಾಡಿದ್ದೀರೋ ಇಲ್ಲವೋ ಬರೆದಿಲ್ಲ. ಹೋಗಿರದಿದ್ದರೆ ಇಂದು ಸಂಜೆಯೇ ಹೋಗಿ. ನಾಯಿಯನ್ನು ಕರೆದೊಯ್ಯಬೇಡಿ. ಮನೆಯ ಇನ್ನೊಬ್ಬ ಹಿರಿಯರು ಜೊತೆಗಿದ್ದರೆ ಒಳ್ಳೆಯದು. ಮಾತು ಚಿಕ್ಕದಿರಲಿ. “ಚೂಕ ಆಮಚೀ ಆಹೆ, ಔಷಧಾಚಾ ಖರ್ಚ ಆಮ್ಹೀ ದೇತೋ” (ತಪ್ಪು ನಮ್ಮದು, ಔಷಧದ ಖರ್ಚು ನಾವು ಕೊಡುತ್ತೇವೆ) ಎಂದು ಅವರ ಮರಾಠಿಯಲ್ಲೇ ಹೇಳಿ, ಮೊದಲು ನಾಯಿ ಹೇಗಿದೆ ಎಂದು ಕೇಳಿ. “ನಮ್ಮ ನಾಯಿ ಹಾಗಲ್ಲರೀ, ಮನೆಯಲ್ಲಿ ಬಹಳ ಶಾಂತ” ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ಅದನ್ನು ಆಡಬೇಡಿ. ಅದು ನಿಜವೇ ಇರಬಹುದು, ಆದರೆ ಹೊಲಿಗೆ ಹಾಕಿದ ನಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡವರ ಕಿವಿಗೆ ಅದು ವಾದದಂತೆ ಕೇಳುತ್ತದೆ. ಅವರ ನಾಯಿಯೂ ಹಗ್ಗವಿಲ್ಲದೆ ಓಡಿಬಂದಿದ್ದರೆ ಆ ಮಾತನ್ನೂ ಈಗ ಎತ್ತಬೇಡಿ. ತಪ್ಪಿನ ಪಾಲು ಹಂಚುವುದಕ್ಕೆ ಮುಂದೆ ಕಾಲವಿದೆ. ನಿಮ್ಮ ಕೈಯಲ್ಲಿದ್ದ ಪಟ್ಟಿ ಜಾರಿತು ಎಂಬ ಪಾಲು ನಿಮ್ಮದು, ಅಷ್ಟನ್ನು ಒಪ್ಪಿಕೊಂಡರೆ ಸಾಕು.

ಖರ್ಚಿನ ವಿಷಯವನ್ನು ಮೊದಲ ದಿನವೇ ಸ್ಪಷ್ಟಮಾಡಿ: ಹೊಲಿಗೆ, ಔಷಧ, ಎಕ್ಸ್‌ರೇ, ಮರುಭೇಟಿಗಳು ಎಲ್ಲವೂ. ಸಾಧ್ಯವಾದರೆ ಬಿಲ್ಲನ್ನು ನೇರವಾಗಿ ದವಾಖಾನೆಗೆ ಕಟ್ಟಿ. ಆಗ ನೆರೆಹೊರೆಯ ನಡುವೆ ಹಣ ಎಣಿಸಿ ಕೊಡುವ ಮುಜುಗರ ತಪ್ಪುತ್ತದೆ. ಕೊಟ್ಟದ್ದನ್ನೂ ದಿನಾಂಕವನ್ನೂ ಒಂದು ಕಾಗದದಲ್ಲಿ ಬರೆದಿಡಿ. ನಡೆದದ್ದನ್ನು ಸಹ ಮಾಸುವ ಮೊದಲು ನಾಲ್ಕು ಸಾಲಿನಲ್ಲಿ ಬರೆದಿಡಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾರ ನಾಯಿ ಹಗ್ಗದಲ್ಲಿತ್ತು, ಯಾರು ನೋಡಿದರು. ಇದು ಜಗಳಕ್ಕಾಗಿ ಅಲ್ಲ, ಮುಂದೆ ತರಬೇತಿ ನೀಡುವವರಿಗೂ ವೈದ್ಯರಿಗೂ ಇದೇ ಬೇಕಾಗುತ್ತದೆ. ಅವರು ಬಾಗಿಲು ತೆಗೆಯದಿರಬಹುದು, ಬೈಯಲೂಬಹುದು. ಒಂದು ಚೀಟಿಯಲ್ಲಿ ಫೋನ್ ನಂಬರು, ಖರ್ಚು ಕೊಡುತ್ತೇವೆ ಎಂಬ ಮಾತು ಬರೆದುಕೊಟ್ಟು ಬನ್ನಿ. ಕ್ಷಮಿಸಲೇಬೇಕು ಎಂಬ ಒತ್ತಾಯ ನಮ್ಮ ಕಡೆಯಿಂದ ಇರಬಾರದು.

ಕಾನೂನಿನ ಭಯವೂ ಇರಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು, ಸಾಕಿದ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ದೇಹಕ್ಕೆ ತೀವ್ರ ಅಪಾಯವಾಗುವ ಸಂಭವವಿದ್ದೂ ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಅದು ಮನುಷ್ಯರ ಅಪಾಯದ ಮಾತು. ನಾಯಿಗೆ ನಾಯಿ ಕಚ್ಚಿದಾಗ, ಯಾರೂ ಬೇಕೆಂದೇ ಛೂ ಬಿಡದಿದ್ದಾಗ, ಅದು ಹೆಚ್ಚಾಗಿ ನಷ್ಟ ಪರಿಹಾರದ ಸಿವಿಲ್ ವಿಷಯ. ಆದರೆ ಒಮ್ಮೆ ಹೀಗಾಗಿದೆ ಎಂದು ಗೊತ್ತಿದ್ದೂ ಅದೇ ಸಡಿಲ ಪಟ್ಟಿಯಲ್ಲಿ ಮತ್ತೆ ಕರೆದೊಯ್ದರೆ ಎರಡನೆಯ ಸಲ “ಗೊತ್ತಿರಲಿಲ್ಲ” ಎನ್ನಲು ಬರುವುದಿಲ್ಲ, ಕಾನೂನಿನ ಮುಂದೆಯೂ, ನೆರೆಯವರ ಮುಂದೆಯೂ.

ಇನ್ನು ನಿಮ್ಮ ಮೊದಲ ಪ್ರಶ್ನೆ, ನಾಯಿ ಕೆಟ್ಟಿತೇ ಎಂಬುದು. ನೀವು ಬರೆದ ಒಂದು ಸಾಲಿನಲ್ಲೇ ಇದರ ಉತ್ತರ ಅಡಗಿದೆ: “ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ.” ನಿಮಗೆ ಅದೇ ಹೆಚ್ಚು ಹೆದರಿಕೆ ತಂದಿದೆ, ಸಹಜ. ನಾಯಿಗಳ ಜಗಳಕ್ಕೆ ಸದ್ದು ಬಹಳ. ಹಲ್ಲು ತೋರಿಸುತ್ತವೆ, ಗುರುಗುಟ್ಟುತ್ತವೆ, ಮೈಮೇಲೆ ಬಿದ್ದು ಕೂಗಾಡುತ್ತವೆ, ಬಿಡಿಸಿ ನೋಡಿದರೆ ಹೆಚ್ಚಿನ ಸಲ ಜೊಲ್ಲು ಬಿಟ್ಟರೆ ಏನೂ ಇರುವುದಿಲ್ಲ. ಅದು ಎದುರಾಳಿಯನ್ನು ದೂರ ಸರಿಸುವ ಪ್ರಯತ್ನ. ಬೇಟೆಗೆ ಸದ್ದಿಲ್ಲ. ನೋಟ ನೆಡುವುದು, ಮೈ ಬಿಗಿಯಾಗುವುದು, ಓಟ, ಹಿಡಿತ, ಕೊಡವುವುದು, ಒಂದರ ಹಿಂದೆ ಒಂದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ. ನಿಮ್ಮ ನಾಯಿ ಮಾಡಿದ್ದು ಎರಡನೆಯದು. ಅಲ್ಲಿ ದ್ವೇಷವಿರಲಿಲ್ಲ, ಸಿಟ್ಟೂ ಇರಲಿಲ್ಲ. ಓಡುತ್ತಿರುವ, ಮೈತುಂಬ ಕೂದಲಿನ ಚಿಕ್ಕ ಪ್ರಾಣಿಯೊಂದು ಆ ಕ್ಷಣ ಅದರ ಕಣ್ಣಿಗೆ ನಾಯಿಯಾಗಿ ಕಾಣದೆ ಮೊಲವಾಗಿ ಕಂಡಿತು. ಗಾಯಗೊಂಡ ನಾಯಿಗೆ ಇದರಿಂದ ನೋವು ಕಡಿಮೆಯಾಗುವುದಿಲ್ಲ, ನಿಜ. ಆದರೆ ಮುಂದೆ ಏನು ಮಾಡಬೇಕು ಎಂಬುದು ಇದನ್ನು ತಿಳಿಯುವುದರ ಮೇಲೆಯೇ ನಿಂತಿದೆ.

ನೀವು ಸಾಕಿರುವ ತಳಿ ಯಾವುದೆಂದು ನೆನಪಿಡಬೇಕು. ಮಹಾರಾಷ್ಟ್ರದಲ್ಲಿ ಕಾರವಾನ್ ಎಂದು, ನಮ್ಮಲ್ಲಿ ಮುಧೋಳ ಎಂದು ಕರೆಯುವ ಈ ನಾಯಿ ಗ್ರೇಹೌಂಡ್, ಸಾಲುಕಿ ತಳಿಗಳ ಸಾಲಿನದು. ವಾಸನೆಗಿಂತ ಕಣ್ಣನ್ನು ನಂಬಿ, ದೂರದ ಚಲನೆಯನ್ನು ಕಂಡು, ಬೆನ್ನಟ್ಟಿ ಹಿಡಿಯಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು, ಬೇಡರು ಬೇಟೆಗೆ ಬಳಸುತ್ತಿದ್ದ ಈ ನಾಯಿಗಳನ್ನು ಕಂಡು ಪೋಷಿಸಿದರು. ಅಂಚೆ ಇಲಾಖೆ 2005ರಲ್ಲಿ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಸೇನೆಯೂ ಈ ತಳಿಯ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಒಂದು ಶ್ವಾನ ಸಂಶೋಧನಾ ಕೇಂದ್ರವಿದೆ. ಇಷ್ಟೆಲ್ಲ ಹೆಮ್ಮೆಯ ಕಾರಣಗಳ ಬುಡದಲ್ಲಿರುವುದು ಅದೇ ಕಣ್ಣು, ಅದೇ ಓಟ. ಮಿರಜದ ಓಣಿಯಲ್ಲಿ ಬೆಳೆದ ಮಾತ್ರಕ್ಕೆ ಅದು ಅಳಿಯುವುದಿಲ್ಲ.

ಹಾಗಾದರೆ “ರಕ್ತದ ರುಚಿ”ಯ ಮಾತು? ನಿಮ್ಮ ಅತ್ತೆಯವರ ಭಯವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಮನೆಯಲ್ಲಿ ಮಗುವಿರುವಾಗ ಹಿರಿಯರಿಗೆ ಅದು ಬರಲೇಬೇಕು. ಆದರೆ ಇಲ್ಲಿ ಒಂದು ಗೊಂದಲವಿದೆ, ಬಹಳ ಜನರಲ್ಲಿರುವುದು. ನಾಯಿಯನ್ನು ಕಚ್ಚಿದ ನಾಯಿ ಮನುಷ್ಯರನ್ನೂ ಕಚ್ಚುತ್ತದೆ ಎಂಬುದು ನಿಯಮವಲ್ಲ. ಚಿಕ್ಕ ಪ್ರಾಣಿಯನ್ನು ಬೆನ್ನಟ್ಟುವುದು, ಬೇರೆ ನಾಯಿಯೊಡನೆ ಜಗಳವಾಡುವುದು, ಮನುಷ್ಯರ ಮೇಲೆ ಹರಿಹಾಯುವುದು, ಇವು ಮೂರೂ ನಾಯಿಯ ವರ್ತನೆಯಲ್ಲಿ ಬೇರೆ ಬೇರೆ ಕಾರಣಗಳಿಂದ ಹುಟ್ಟುವಂಥವು. ಮೊಲ ಹಿಡಿದು ತಂದು ಯಜಮಾನನ ಕಾಲ ಬಳಿ ಇಡುವ ಬೇಟೆನಾಯಿ ಅದೇ ಸಂಜೆ ಅವನ ಮಕ್ಕಳ ಪಕ್ಕದಲ್ಲಿ ಮಲಗುತ್ತಿತ್ತಲ್ಲ. ರಕ್ತ ನಾಲಿಗೆಗೆ ತಾಗಿದ್ದರಿಂದ ಸ್ವಭಾವ ಬದಲಾಗುವುದಿಲ್ಲ. ಬದಲಾಗುವುದು ಬೇರೊಂದು: ಒಮ್ಮೆ ಬೆನ್ನಟ್ಟಿ ಹಿಡಿದದ್ದರಲ್ಲಿ ನಾಯಿಗೆ ಸುಖ ಸಿಕ್ಕಿರುತ್ತದೆ, ಮುಂದಿನ ಸಲ ಅದೇ ದೃಶ್ಯ ಕಂಡರೆ ಇನ್ನೂ ಬೇಗ ಹೊರಡುತ್ತದೆ. ಅಪಾಯ ಹೆಚ್ಚಿರುವುದು ಓಡುವ ಚಿಕ್ಕ ನಾಯಿ, ಬೆಕ್ಕು, ಮೇಕೆಮರಿಗಳಿಗೆ.

ಇಷ್ಟು ಹೇಳಿದ ಮೇಲೂ ಮಗುವಿನ ವಿಷಯದಲ್ಲಿ ಒಂದು ಪಥ್ಯ ಇಟ್ಟುಕೊಳ್ಳಿ. ಚಿಕ್ಕ ಮಗುವನ್ನೂ ಯಾವುದೇ ನಾಯಿಯನ್ನೂ, ಎಷ್ಟೇ ಸಾಧುವಾಗಿರಲಿ, ದೊಡ್ಡವರಿಲ್ಲದೆ ಒಂದೇ ಕೋಣೆಯಲ್ಲಿ ಬಿಡಬಾರದು. ಈ ಘಟನೆ ನಡೆಯದಿದ್ದರೂ ಇದನ್ನೇ ಹೇಳುತ್ತಿದ್ದೆ. ನಾಯಿ ಮಗುವಿನ ಕಡೆ ಎಂದಾದರೂ ಗುರುಗುಟ್ಟಿದ್ದರೆ, ತಟ್ಟೆಯ ಬಳಿ ಬಂದವರನ್ನು ಹೆದರಿಸಿದ್ದರೆ, ಅದು ಬೇರೆಯೇ ಪ್ರಶ್ನೆ. ಅದನ್ನು ಪಶುವೈದ್ಯರ ಮುಂದೆ ಮುಚ್ಚಿಡದೆ ಹೇಳಬೇಕು.

ಹೊಲದ ಕಡೆ ಬಿಟ್ಟು ಬರುವ ಸಲಹೆಗೆ ನನ್ನ ಉತ್ತರ ಸ್ಪಷ್ಟ: ಬೇಡ. ಸಾಕಿದ ಪ್ರಾಣಿಯನ್ನು ಅನ್ನನೀರಿಲ್ಲದೆ ನರಳುವಂತೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಕಾನೂನು ಬದಿಗಿಟ್ಟರೂ, ಜತ್ತದ ಬಯಲಲ್ಲಿ ಮೇಕೆ, ಕುರಿಮರಿ, ಕೋಳಿಗಳೇ ತುಂಬಿವೆ. ಇಲ್ಲಿ ಒಂದು ಪೊಮೇರಿಯನ್ ಹಿಡಿದ ನಾಯಿ ಅಲ್ಲಿ ಕುರಿಗಾಹಿಯ ಮರಿಗೆ ಬಾಯಿ ಹಾಕಿದರೆ, ಅದರ ಪಾಡು ಏನಾಗುತ್ತದೆಂದು ನಿಮಗೇ ಗೊತ್ತು. ಊರಲ್ಲಿ ಇದೇ ತಳಿಯನ್ನು ಕಟ್ಟಿ ಸಾಕಿ ಪಳಗಿದ ಬಂಧುಗಳಿದ್ದು, ಅವರು ನಡೆದದ್ದೆಲ್ಲ ಕೇಳಿಯೂ ಮನಃಪೂರ್ವಕ ಒಪ್ಪಿದರೆ ಅದನ್ನು ಯೋಚಿಸಬಹುದು. ನಿಮ್ಮ ಪತ್ರ ಓದಿದರೆ ಅಂಥ ಗತಿ ಬಂದಂತೆ ಕಾಣುವುದಿಲ್ಲ.

ಕಚ್ಚಿನ ತೀವ್ರತೆಯನ್ನು ಅಳೆಯಲು ತರಬೇತುದಾರರು ಬಳಸುವ ಒಂದು ಮಾಪಕವಿದೆ, ಪಶುವೈದ್ಯ ಇಯಾನ್ ಡನ್‌ಬಾರ್ ಮಾಡಿದ್ದು, 6 ಹಂತಗಳದು. ಹಲ್ಲು ತಗಲದೆ ಹೆದರಿಸುವುದು 1ನೇ ಹಂತ, ಒಂದೇ ಕಚ್ಚಿನಲ್ಲಿ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ ಆಳದ ತೂತುಗಳು 3ನೆಯದು, ಅದಕ್ಕಿಂತ ಆಳವಾಗಿ ಹಿಡಿದು ಕೊಡವಿದ್ದು 4ನೆಯದು, ಸಾವು 6ನೆಯದು. ಅದು ಮನುಷ್ಯರಿಗಾದ ಗಾಯಗಳಿಗೆಂದು ಮಾಡಿದ ಮಾಪಕವಾದರೂ, ವೈದ್ಯರು ಬರೆದ ಗಾಯದ ವಿವರವನ್ನು ನೀವು ತರಬೇತುದಾರರಿಗೆ ಹೇಳುವಾಗ ಅದು ಉಪಯೋಗಕ್ಕೆ ಬರುತ್ತದೆ. ನಿಮ್ಮ ವರ್ಣನೆಯಂತೆ ಇದು ಸಣ್ಣ ಕಚ್ಚಲ್ಲ. ಆದ್ದರಿಂದ “ಇನ್ನೊಮ್ಮೆ ನೋಡೋಣ” ಎನ್ನದೆ, ಮತ್ತೆ ಅವಕಾಶವೇ ಸಿಗದಂತೆ ಕಟ್ಟುನಿಟ್ಟು ಮಾಡಬೇಕು.

ಕಟ್ಟುನಿಟ್ಟು ಶುರುವಾಗುವುದು ಕೊರಳ ಪಟ್ಟಿಯಿಂದ. ಮುಧೋಳದ ತಲೆ ಅದರ ಕುತ್ತಿಗೆಗಿಂತ ಕಿರಿದು. ಕುತ್ತಿಗೆಯ ಮೇಲೆ ಕೈಯಿಟ್ಟು ಕಿವಿಯ ಹಿಂದಿನವರೆಗೆ ಸವರಿ ನೋಡಿ, ಮೇಲಕ್ಕೆ ಹೋದಂತೆ ಬೆರಳುಗಳು ಒಳಗೆ ಬರುತ್ತವೆ. ಸಾಮಾನ್ಯ ನಾಯಿಗೆ ಮಾಡಿದ ಬಕಲ್ ಪಟ್ಟಿಯನ್ನು ಇದು ಒಂದು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದರೆ ಕಳಚಿಕೊಳ್ಳುತ್ತದೆ. ನಿಮ್ಮಲ್ಲಿ ಆದದ್ದು ಇದೇ. ಬಿಗಿ ಮಾಡಿದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಇಂಥ ತಳಿಗಳಿಗೆಂದೇ ಮಾರ್ಟಿಂಗೇಲ್ ಎಂಬ ಅಗಲವಾದ ಪಟ್ಟಿ ಸಿಗುತ್ತದೆ. ಎಳೆದಾಗ ಮಾತ್ರ ತಲೆಯ ಅಳತೆಗೆ ಕಿರಿದಾಗುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ಅದರ ಜೊತೆಗೆ ಎದೆಗೂ ಹೊಟ್ಟೆಗೂ ಸುತ್ತುವ ಹಾರ್ನೆಸ್ ಹಾಕಿ, ಎರಡಕ್ಕೂ ಹಗ್ಗ ಸಿಕ್ಕಿಸಿ. ಒಂದು ತಪ್ಪಿದರೆ ಇನ್ನೊಂದು ಇರುತ್ತದೆ. ಹಗ್ಗ 5–6 ಅಡಿಯದು, ಗಟ್ಟಿಯದು ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಈ ನಾಯಿಗೆ ತರವಲ್ಲ. ಇದು ನಿಂತಲ್ಲಿಂದ ನಾಲ್ಕು ಹಾರಿಗೆ ವೇಗ ಹಿಡಿಯುತ್ತದೆ, ಅಷ್ಟು ಉದ್ದ ಬಿಟ್ಟ ಮೇಲೆ ತಡೆಯಲು ನಿಮ್ಮ ತೋಳಿನಿಂದ ಆಗುವುದಿಲ್ಲ.

ಎರಡನೆಯದು ಬಾಯಿಕುಕ್ಕೆ. ಎತ್ತಿಗೆ ಕುಕ್ಕೆ ಹಾಕಿದರೆ ಯಾರೂ ಎತ್ತು ಕೆಟ್ಟದ್ದು ಎನ್ನುವುದಿಲ್ಲ, ನಾಯಿಗೆ ಹಾಕಿದರೆ ಮಾತ್ರ ಜನ ತಿರುಗಿ ನೋಡುತ್ತಾರೆ. ನೋಡಲಿ ಬಿಡಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ವಿಶೇಷ ಪರೀಕ್ಷೆ ಪಾಸಾಗದ ಸಾಕು ಗ್ರೇಹೌಂಡುಗಳಿಗೆ 2019ರವರೆಗೂ ಬೀದಿಯಲ್ಲಿ ಬಾಯಿಕುಕ್ಕೆ ಕಡ್ಡಾಯವಿತ್ತು. ಈಗ ಅದನ್ನು ತೆಗೆದರೂ ಹಗ್ಗ ಕಡ್ಡಾಯವೇ. ನಿಮ್ಮ ನಾಯಿಗೆ ಬೇಕಾದದ್ದು ಬುಟ್ಟಿಯಂಥ ಕುಕ್ಕೆ. ಅದರಲ್ಲಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಟ್ಟೆಯ ಪಟ್ಟಿಯಿಂದ ಬಾಯಿ ಬಿಗಿದರೆ ಸಾಂಗ್ಲಿಯ ಏಪ್ರಿಲ್ ಬಿಸಿಲಿಗೆ ನಾಯಿ ಕುಸಿಯುತ್ತದೆ, ಏಕೆಂದರೆ ಅದು ಮೈ ತಂಪು ಮಾಡಿಕೊಳ್ಳುವುದೇ ಬಾಯಿಂದ. ಮೂತಿ ಉದ್ದವಾದ್ದರಿಂದ ಗ್ರೇಹೌಂಡ್ ಅಳತೆಯದು ಕೇಳಿ. ತಂದ ದಿನವೇ ಕಟ್ಟಬೇಡಿ. ಮೊದಲ ಕೆಲ ದಿನ ಕುಕ್ಕೆಯೊಳಗೆ ಒಂದು ತುಂಡು ರೊಟ್ಟಿ ಇಟ್ಟು ತಾನಾಗಿ ಮೂತಿ ಹಾಕಲು ಬಿಡಿ. ಆಮೇಲೆ ಒಂದು ಕ್ಷಣ ಕೊಕ್ಕೆ ಹಾಕಿ ಬಿಚ್ಚಿ, ನಿಧಾನವಾಗಿ ಹೊತ್ತು ಹೆಚ್ಚಿಸಿ. ಕುಕ್ಕೆ ಕಂಡರೆ ಬಾಲ ಅಲ್ಲಾಡಿಸುವಂತಾದ ಮೇಲೆ ಹೊರಗೆ ಹೊರಡಿ.

ಮೂರನೆಯದು ವೈದ್ಯರ ಪರೀಕ್ಷೆ, ನಿಮ್ಮ ನಾಯಿಗೆ. ಈ ತಳಿಯ ಚರ್ಮ ತೆಳು, ಗಲಾಟೆಯಲ್ಲಿ ಅದಕ್ಕೂ ಸೀಳು ಬಿದ್ದು ಕೂದಲಲ್ಲಿ ಮುಚ್ಚಿರಬಹುದು. ಹಲ್ಲುನೋವು, ಕಿವಿಯ ಸೋಂಕು, ಕೀಲುನೋವು ಇದ್ದ ನಾಯಿ ಸಹನೆ ಕಳೆದುಕೊಳ್ಳುತ್ತದೆ. ಬೀಜ ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಗಂಡುನಾಯಿಗಳ ನಡುವಿನ ಪೈಪೋಟಿ, ಅಲೆದಾಟ ಅದರಿಂದ ಕಡಿಮೆಯಾಗಬಹುದು, ಬೆನ್ನಟ್ಟುವ ಚಪಲ ಹೋಗುವುದಿಲ್ಲ.

ಹೊಡೆಯಬೇಡಿ. ಈಗಾಗಲೇ ವಾರ ಕಳೆದಿದೆ, ಈಗ ಹೊಡೆದರೆ ಏಕೆಂದು ಅದಕ್ಕೆ ತಿಳಿಯುವುದಿಲ್ಲ. ಇನ್ನೊಂದು ನಾಯಿ ಕಂಡಾಗಲೆಲ್ಲ ಹೊಡೆತ ಬಿದ್ದರೆ, ನಾಯಿ ಕಂಡರೆ ನೋವು ಎಂದು ಕಲಿಯುತ್ತದೆ, ಬೇಟೆಯ ಜೊತೆಗೆ ಹಗೆಯೂ ಸೇರುತ್ತದೆ. ಬದಲಿಗೆ, ದೂರದಲ್ಲಿ ಒಂದು ನಾಯಿ ಕಂಡು ಇದು ಇನ್ನೂ ಬಿಗಿಯಾಗುವ ಮೊದಲೇ ಹೆಸರು ಕರೆದು, ನಿಮ್ಮ ಕಡೆ ತಿರುಗಿದ ಕ್ಷಣಕ್ಕೆ ಅದಕ್ಕೆ ಬಹಳ ಇಷ್ಟವಾದದ್ದನ್ನು ಕೊಡಿ. ಮೊದಲು ನೂರು ಹೆಜ್ಜೆ ದೂರದಿಂದ, ವಾರಗಳು ಕಳೆದಂತೆ ಹತ್ತಿರದಿಂದ. ತಾಳ್ಮೆ ಬೇಕು. ನಿಮ್ಮ ಊರಲ್ಲೇ ನೆಲೆಸಿದ್ದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಟಿಪ್ಪು ಮಿಯಾ ಎಂಬ ನಾಯಿಗೆ ಸ್ವರಕ್ಕೆ ದನಿಗೂಡಿಸಲು ಕಲಿಸಿದ್ದರೆಂದು ಮಿರಜದ ಹಿರಿಯರು ಹೇಳಿರಬಹುದು. ಅಷ್ಟು ದೊಡ್ಡ ಪಾಠ ಬೇಕಿಲ್ಲ, ಕರೆದಾಗ ತಿರುಗಿ ನೋಡುವುದು ಬಂದರೆ ನಿಮ್ಮ ಕೆಲಸ ಆಯಿತು.

ಈಗ ನೀವು. ಕೈ ನಡುಗುವುದು, ಆ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಮಲಗಿದರೆ ಆ ಚಿಕ್ಕ ನಾಯಿಯ ಕೂಗು ಕೇಳಿದಂತಾಗುವುದು, ಇವೆಲ್ಲ ಅಂಥ ಘಟನೆಯನ್ನು ಕಣ್ಣಾರೆ ಕಂಡವರಿಗೆ ಆಗುವಂಥವೇ. ಕಚ್ಚಿಸಿಕೊಂಡ ನಾಯಿಯ ಮನೆಯವರಿಗೆ ಸಿಗುವ ಸಮಾಧಾನದ ಮಾತು ಕಚ್ಚಿದ ನಾಯಿಯ ಮನೆಯವರಿಗೆ ಸಿಗುವುದಿಲ್ಲ, ಅದೂ ಒಂದು ಒಂಟಿತನ. ಇಲ್ಲಿ ನೀವು ಎರಡನ್ನು ಬೇರ್ಪಡಿಸಿ ನೋಡಬೇಕು. ಪಟ್ಟಿ ಸರಿಯಿರಲಿಲ್ಲ ಎಂಬುದು ನಿಮ್ಮ ಹೊಣೆ, ಅದಕ್ಕೆ ಪರಿಹಾರ ನಿಮ್ಮ ಕೈಯಲ್ಲಿದೆ, ಮಾಡುತ್ತಿದ್ದೀರಿ. “ನಾನು ಸಾಕಿದ ಮಗುವಿನಂಥ ನಾಯಿ ನನಗೆ ಮೋಸ ಮಾಡಿತು” ಎಂಬ ಭಾವ ಮಾತ್ರ ಆಧಾರವಿಲ್ಲದ್ದು, ಅದನ್ನು ಹೊತ್ತು ತಿರುಗಬೇಡಿ. ಮನೆಯಲ್ಲಿ ನಿಮ್ಮ ಕಾಲಬುಡದಲ್ಲಿ ಮಲಗುವ ನಾಯಿ ಸುಳ್ಳಲ್ಲ, ರಸ್ತೆಯಲ್ಲಿ ಹಾರಿದ ನಾಯಿಯೂ ಸುಳ್ಳಲ್ಲ. ಎರಡೂ ಅದೇ ನಾಯಿ, ಎರಡಕ್ಕೂ ಬೇಕಾದ ವ್ಯವಸ್ಥೆ ಬೇರೆ, ಅಷ್ಟೇ.

ನಡುಗುವ ಕೈಯಿಂದ ಹಗ್ಗ ಹಿಡಿದರೆ ನಾಯಿಗೆ ತಿಳಿಯುತ್ತದೆ. ಎದುರಿಗೆ ನಾಯಿ ಕಂಡ ಕೂಡಲೇ ನೀವು ಹಗ್ಗ ಬಿಗಿಹಿಡಿದರೆ, ಏನೋ ಇದೆ ಎಂದು ಅದೂ ಬಿಗಿಯಾಗುತ್ತದೆ. ಆದ್ದರಿಂದ ಕೆಲವು ದಿನ ನೀವೇ ಹಿಡಿಯಬೇಕೆಂದಿಲ್ಲ. ಮನೆಯ ಬೇರೆಯವರು ಹಿಡಿಯಲಿ, ನೀವು ಪಕ್ಕದಲ್ಲಿ ನಡೆಯಿರಿ. ನಾಯಿಗೂ ಇಂಥ ಗಲಾಟೆಯ ಉದ್ವೇಗ ಇಳಿಯಲು ದಿನಗಳು ಹಿಡಿಯುತ್ತವೆ. ಅಷ್ಟು ಕಾಲ ಅಂಗಳದಲ್ಲೋ ಮಾಳಿಗೆಯ ಮೇಲೋ ಚೆಂಡು ಹುಡುಕುವ, ಬಟ್ಟೆಯಲ್ಲಿ ಸುತ್ತಿಟ್ಟ ತಿನಿಸನ್ನು ಹುಡುಕುವ ಆಟ ಆಡಿಸಿ. ಎರಡು ವಾರ ಕಳೆದರೂ ನಿದ್ದೆ, ಊಟ ಹತ್ತಿರ ಬರದಿದ್ದರೆ ಸಂಕೋಚವಿಲ್ಲದೆ ವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಖರ್ಚಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ನಾಯಿಯ ವಿಷಯಕ್ಕೆ ಅಲ್ಲಿ ಫೋನ್ ಮಾಡುವುದೇ ಎಂದು ಹಿಂಜರಿಯಬೇಡಿ.

ಮತ್ತೆ ಹೊರಡುವ ದಿನ ಬೆಳಕು ಹರಿಯುವ ಮೊದಲೇ, ನಾಯಿಗಳು ಕಡಿಮೆ ಇರುವ ಅಗಲ ರಸ್ತೆ ಆರಿಸಿಕೊಳ್ಳಿ. ಕೃಷ್ಣಾ ಘಾಟಿನಂಥ ಜನ ಸೇರುವ ಜಾಗ, ಬೀದಿನಾಯಿಗಳಿರುವ ಇಕ್ಕಟ್ಟಾದ ಓಣಿ ಸದ್ಯಕ್ಕೆ ಬೇಡ. ಎದುರಿನಿಂದ ಯಾರಾದರೂ ಚಿಕ್ಕ ನಾಯಿ ಹಿಡಿದು ಬಂದರೆ ರಸ್ತೆ ದಾಟಿಬಿಡಿ. ಅವರ ನಾಯಿ ಹಗ್ಗವಿಲ್ಲದೆ ಓಡಿಬರುತ್ತಿದ್ದರೆ “ಹಿಡಕೊಳ್ಳಿ, ನಮ್ಮದು ಕಚ್ಚುತ್ತದೆ” ಎಂದು ಗಟ್ಟಿಯಾಗಿ ಕೂಗಲು ನಾಚಬೇಡಿ. ಅಕಸ್ಮಾತ್ ಮತ್ತೆ ನಾಯಿಗಳು ಕೂಡಿಕೊಂಡರೆ ಬಾಯಿಯ ಹತ್ತಿರ, ಕೊರಳ ಹತ್ತಿರ ಕೈ ಹಾಕಬೇಡಿ. ನೀರು ಎರಚಿ, ದೊಡ್ಡ ಸದ್ದು ಮಾಡಿ, ನಡುವೆ ಚೀಲವನ್ನೋ ಹಲಗೆಯನ್ನೋ ತೂರಿಸಿ. ಅದೂ ಸಾಲದಿದ್ದರೆ ಇಬ್ಬರು ಸೇರಿ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ಎತ್ತಿ ಹಿಡಿಯಿರಿ, ಹಿಡಿತ ಬಿಟ್ಟ ಕೂಡಲೇ ಹಿಂದಕ್ಕೆ ಸರಿಸಿ. ಹಲ್ಲು ಹಿಡಿದಿರುವಾಗಲೇ ಎಳೆದರೆ ಗಾಯ ಹರಿದು ದೊಡ್ಡದಾಗುತ್ತದೆ.

ಪೊಮೇರಿಯನ್ ನಾಯಿಯ ಹೊಲಿಗೆ ಬಿಚ್ಚುವ ದಿನ ಯಾವುದೆಂದು ಆ ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನದೊಳಗೆ ಇರುತ್ತದೆ. ಅವರು ಒಪ್ಪಿದರೆ ಆ ದಿನ ದವಾಖಾನೆಗೆ ನೀವೂ ಹೋಗಿ, ಆ ದಿನದ ಬಿಲ್ಲನ್ನೂ ನೀವೇ ಕಟ್ಟಿ.